ಕಂಡದ್ದನ್ನೇ ಬರೆಯುವ ಅಭ್ಯಾಸ

ಪ್ರತಿವರ್ಷವೂ ತಪಸ್ಸುಕಾಲ ಹಾಗೂ ದ್ವಿತೀಯ ಪಿ.ಯು.ಸಿ. ಪರೀಕ್ಷೆ ಹೆಚ್ಚುಕಡಿಮೆ ಜೊತೆಜೊತೆಯಾಗಿಯೇ ನಮ್ಮ ಮನೆಗಳನ್ನು ಪ್ರವೇಶಿಸುತ್ತವೆ. ಹಣೆಯ ಮೇಲಿನ ವಿಭೂತಿ ಮಾಸುವಷ್ಟರಲ್ಲಿ ಮಕ್ಕಳ ಕೈಗೆ ಹಾಲ್ ಟಿಕೆಟ್ ಬಂದಿರುತ್ತದೆ. ತಾಯಂದಿರು ಸಂತ ಅಂತೋಣಿಯವರ ಸ್ವರೂಪದ ಮುಂದೆ ಮೇಣದ ಬತ್ತಿ ಹಚ್ಚುತ್ತಾರೆ. ಬಲಿಪೂಜೆ ಮುಗಿದ ಮೇಲೆ ಪೆನ್ನುಗಳನ್ನು ಆಶೀರ್ವದಿಸಬೇಕೆಂದು ಮಕ್ಕಳು ಗುರುಗಳ ಮುಂದೆ ಸಾಲಾಗಿ ನಿಲ್ಲುತ್ತಾರೆ. ಇದೊಂದು ಸುಂದರವಾದ ರೂಢಿ. ಅದನ್ನು ಬಿಡಬೇಕೆಂದು ಯಾರೂ ಹೇಳಲಾರರು. ಆದರೆ ಆಶೀರ್ವದಿಸಿದ ಪೆನ್ನು ತಾನಾಗಿಯೇ ಬರೆಯುವುದಿಲ್ಲ.

ಪರೀಕ್ಷಾರ್ಥಿಗಳ ಪಾಲಕರಾದ ಕುಪೆರ್ತಿನೊದ ಸಂತ ಜೋಸೆಫರ (1603-1663) ಕಥೆಯನ್ನು ನಮ್ಮಲ್ಲಿ ಅನೇಕರು ಬಲ್ಲರು. ಓದಿನಲ್ಲಿ ತೀರ ಹಿಂದುಳಿದಿದ್ದ ಅವರು ಶುಭಸಂದೇಶದ ಒಂದೇ ಒಂದು ವಾಕ್ಯವನ್ನು ಚೆನ್ನಾಗಿ ವಿವರಿಸಬಲ್ಲವರಾಗಿದ್ದರಂತೆ. ಪರೀಕ್ಷಿಸಿದ ಧರ್ಮಾಧ್ಯಕ್ಷರು ಅದೇ ವಾಕ್ಯವನ್ನು ಕೇಳಿದರೆಂದು ಸಂಪ್ರದಾಯ ಹೇಳುತ್ತದೆ. ಈ ಕಥೆಯನ್ನು ಮಕ್ಕಳು ಬಹಳ ಇಷ್ಟಪಡುತ್ತಾರೆ. ಆದರೆ ಅದರಲ್ಲಿ ಅಡಗಿರುವ ಒಂದು ಸಂಗತಿಯನ್ನು ಅವರು ಮರೆಯುತ್ತಾರೆ: ಆ ಒಂದು ವಾಕ್ಯವನ್ನಾದರೂ ಸಂತರು ಸಂಪೂರ್ಣವಾಗಿ ಅರಗಿಸಿಕೊಂಡಿದ್ದರು.

ವಿಜ್ಞಾನ ವಿಭಾಗದ ಮಕ್ಕಳಿರುವ ಮನೆಗಳಲ್ಲಿ ರಸಾಯನಶಾಸ್ತ್ರದ ಬಗ್ಗೆ ಒಂದು ಬಗೆಯ ಭೀತಿ ಇರುವುದರಿಂದ ಅದನ್ನೇ ಉದಾಹರಣೆಯಾಗಿ ಇಟ್ಟುಕೊಂಡು, ಪರೀಕ್ಷೆಗಾಗಿ ಅಭ್ಯಾಸ ಮಾಡುವುದೆಂದರೆ ಏನು ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಅಭ್ಯಾಸವೆಂಬ ಸದ್ಗುಣ

‘ಅಭ್ಯಾಸ’ ಎಂಬ ಪದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳಿವೆ. ಓದುವುದು ಒಂದು, ಮೈಗೂಡಿದ ರೂಢಿ ಇನ್ನೊಂದು. ಈ ಎರಡು ಅರ್ಥಗಳು ಒಂದೇ ಪದದಲ್ಲಿ ಕೂಡಿರುವುದು ಆಕಸ್ಮಿಕವೇನಲ್ಲ. ವೀಣೆ ನುಡಿಸುತ್ತ ನುಡಿಸುತ್ತಲೇ ಮನುಷ್ಯ ವೈಣಿಕನಾಗುವಂತೆ, ನ್ಯಾಯದ ಕೆಲಸಗಳನ್ನು ಮಾಡುತ್ತ ಮಾಡುತ್ತಲೇ ಆತ ನ್ಯಾಯವಂತನಾಗುತ್ತಾನೆ ಎಂಬುದು ಅರಿಸ್ಟಾಟಲನ ನೀತಿಶಾಸ್ತ್ರದ ತಿರುಳು. ಸಂತ ತೋಮಾಸ್ ಅಕ್ವಿನಾಸರು ಈ ವಿಚಾರವನ್ನು ಸ್ವೀಕರಿಸಿ, ಜ್ಞಾನಾರ್ಜನೆಯ ಹಂಬಲವನ್ನು ಸರಿಯಾದ ದಾರಿಯಲ್ಲಿ ನಡೆಸುವ ಶಕ್ತಿಯನ್ನೂ ಸದ್ಗುಣಗಳ ಸಾಲಿನಲ್ಲಿ ಸೇರಿಸಿದರು. ಅವರ ಗುರುಗಳಾದ ಮಹಾ ಸಂತ ಆಲ್ಬರ್ಟರು ಖನಿಜಗಳನ್ನೂ ಸಸ್ಯಗಳನ್ನೂ ಕಣ್ಣಾರೆ ನೋಡಿ ಬರೆದವರು. 1941ರಲ್ಲಿ ಜಗದ್ಗುರು ಹನ್ನೆರಡನೆಯ ಪಿಯುಸ್‌ರವರು ಅವರನ್ನು ನಿಸರ್ಗ ವಿಜ್ಞಾನಿಗಳ ಪಾಲಕ ಸಂತರೆಂದು ಸಾರಿದರು.

ಹಾಗಾದರೆ ಪರೀಕ್ಷೆಯ ತಯಾರಿ ಅಂಕ ಗಳಿಸುವ ಉಪಾಯ ಮಾತ್ರವಲ್ಲ. ಆ ತಿಂಗಳುಗಳಲ್ಲಿ ಮಗು ಹೇಗೆ ಓದುತ್ತದೆಯೋ ಅಂಥ ಮನುಷ್ಯನಾಗಿ ಅದು ರೂಪುಗೊಳ್ಳುತ್ತಿರುತ್ತದೆ. ಅಂಕಪಟ್ಟಿಯಲ್ಲಿ ಕಾಣದ ಫಲಿತಾಂಶ ಇದು.

ಪ್ರಯೋಗಶಾಲೆಯ ಸತ್ಯ

ರಸಾಯನಶಾಸ್ತ್ರದ ನೂರು ಅಂಕಗಳಲ್ಲಿ 70 ಲಿಖಿತ ಪರೀಕ್ಷೆಗೆ, 30 ಪ್ರಾಯೋಗಿಕ ಪರೀಕ್ಷೆಗೆ ಸಲ್ಲುತ್ತವೆ. ಈ ಮೂವತ್ತು ಅಂಕಗಳು ಹೇಗೂ ಸಿಗುತ್ತವೆಂಬ ಉದಾಸೀನ ಹಲವರಲ್ಲಿದೆ. ಆದರೆ ಮನಸ್ಸಾಕ್ಷಿಯ ದೃಷ್ಟಿಯಿಂದ ನೋಡಿದರೆ ನಿಜವಾದ ಪರೀಕ್ಷೆ ನಡೆಯುವುದು ಇಲ್ಲಿಯೇ.

ಟೈಟ್ರೇಶನ್ ಪ್ರಯೋಗವನ್ನು ನೋಡಿ. ಪಿಪೆಟ್‌ನಿಂದ ಅಳೆದ ಆಕ್ಸಾಲಿಕ್ ಆಮ್ಲಕ್ಕೆ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲವನ್ನು ಬೆರೆಸಿ, ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿಮಾಡಿ, ಬ್ಯುರೆಟ್‌ನಿಂದ ಪೊಟ್ಯಾಸಿಯಂ ಪರ್ಮಾಂಗನೇಟ್ ದ್ರಾವಣವನ್ನು ತೊಟ್ಟುತೊಟ್ಟಾಗಿ ಬಿಡಬೇಕು. ಮೊದಲ ಹನಿಗಳ ನೇರಳೆ ಬಣ್ಣ ನಿಧಾನವಾಗಿ ಮಾಯವಾಗುತ್ತದೆ. ಕ್ರಿಯೆಯಲ್ಲಿ ಹುಟ್ಟಿದ ಮ್ಯಾಂಗನೀಸ್ ಅಯಾನುಗಳೇ ಕ್ರಿಯೆಯ ವೇಗವನ್ನು ಹೆಚ್ಚಿಸುವುದರಿಂದ ಅನಂತರದ ಹನಿಗಳ ಬಣ್ಣ ಬಿದ್ದೊಡನೆ ಮಾಯವಾಗುತ್ತದೆ. ಕೊನೆಗೊಂದು ಹನಿ ಬಿದ್ದಾಗ ತಿಳಿಗುಲಾಬಿ ಬಣ್ಣ ಅಳಿಯದೆ ನಿಲ್ಲುತ್ತದೆ. ಅದೇ ಅಂತ್ಯಬಿಂದು. ಒಂದು ಹನಿ ಹೆಚ್ಚಾದರೂ ಲೆಕ್ಕ ತಪ್ಪುತ್ತದೆ. ಹನಿಹನಿಗೂಡಿದರೆ ಹಳ್ಳವೆಂಬ ಗಾದೆ ಇಲ್ಲಿ ಎಚ್ಚರಿಕೆಯ ಮಾತಾಗಿ ಕೇಳಿಸುತ್ತದೆ.

ಒಂದಕ್ಕೊಂದು ಹೊಂದುವ ಅಳತೆಗಳು ದೊರೆಯುವವರೆಗೆ ಇದನ್ನು ಮತ್ತೆ ಮತ್ತೆ ಮಾಡಬೇಕೆಂಬುದು ನಿಯಮ. ಶೋಧನೆ ಬರುವುದು ಈ ಹಂತದಲ್ಲಿ. ಒಮ್ಮೆ ಮಾಡಿ, ಅದೇ ಅಂಕಿಯನ್ನು ಮೂರು ಸಾಲುಗಳಲ್ಲಿ ಬರೆದುಬಿಟ್ಟರೆ ನೋಡುವವರು ಯಾರು? ಲವಣ ವಿಶ್ಲೇಷಣೆಯಲ್ಲೂ ಇದೇ ಕಥೆ. ಕೊಟ್ಟ ಲವಣದ ಬಣ್ಣವನ್ನೋ ವಾಸನೆಯನ್ನೋ ಕಂಡು, ಪಕ್ಕದವನ ಪಿಸುಮಾತು ಕೇಳಿ ಉತ್ತರವನ್ನು ಮೊದಲೇ ನಿರ್ಧರಿಸಿ, ಮಾಡದ ಪರೀಕ್ಷೆಗಳನ್ನೆಲ್ಲ ಮಾಡಿದಂತೆ ಬರೆಯುವುದು ಸುಲಭ. ನೈಟ್ರೇಟಿನ ಕಂದು ಉಂಗುರವನ್ನು ಕಾಣದೆಯೇ ‘ಕಂದು ಉಂಗುರ ಕಂಡುಬಂದಿತು’ ಎಂದು ಬರೆದ ಕೈ, ಮುಂದೊಂದು ದಿನ ನೋಡದ ಸೇತುವೆಯನ್ನು ಭದ್ರವಾಗಿದೆಯೆಂದು ಬರೆಯಬಹುದು; ಪರೀಕ್ಷಿಸದ ರಕ್ತವನ್ನು ಶುದ್ಧವೆಂದು ಬರೆಯಬಹುದು. ಸುಳ್ಳುಸಾಕ್ಷಿ ಹೇಳಬಾರದೆಂಬ ದೇವರ ಕಟ್ಟಳೆ ನ್ಯಾಯಾಲಯದ ಕಟಕಟೆಗೆ ಮಾತ್ರ ಸಂಬಂಧಿಸಿದ್ದಲ್ಲ. ಪ್ರಯೋಗದ ದಾಖಲೆ ಪುಸ್ತಕವೂ ಒಂದು ಸಾಕ್ಷ್ಯವೇ.

1848ರಲ್ಲಿ, ಇನ್ನೂ 25 ವರ್ಷದ ತರುಣರಾಗಿದ್ದ ಲೂಯಿ ಪಾಶ್ಚರರು ಟಾರ್ಟಾರಿಕ್ ಆಮ್ಲದ ಲವಣವೊಂದರ ಹರಳುಗಳನ್ನು ಸೂಕ್ಷ್ಮವಾಗಿ ಗಮನಿಸಿದರು. ಹಿರಿಯ ವಿಜ್ಞಾನಿಗಳು ಒಂದೇ ಬಗೆಯವೆಂದು ಭಾವಿಸಿದ್ದ ಆ ಹರಳುಗಳಲ್ಲಿ ಎಡಗೈ ಬಲಗೈಗಳಂತೆ ಒಂದು ಇನ್ನೊಂದರ ಕನ್ನಡಿಬಿಂಬವಾಗಿರುವ ಎರಡು ಬಗೆಗಳಿರುವುದನ್ನು ಕಂಡು, ಅವನ್ನು ಕೈಯಿಂದಲೇ ಬೇರ್ಪಡಿಸಿದರು. ಸುದ್ದಿ ಕೇಳಿದ ವಯೋವೃದ್ಧ ವಿಜ್ಞಾನಿ ಬಿಯೊ ತಕ್ಷಣ ನಂಬಲಿಲ್ಲ. ತಮ್ಮ ಕಣ್ಣೆದುರಿನಲ್ಲಿಯೇ ಪ್ರಯೋಗವನ್ನು ಮತ್ತೊಮ್ಮೆ ಮಾಡಿಸಿ, ಅದು ನಿಜವೆಂದು ಮನಗಂಡು ಹರ್ಷಪಟ್ಟರು. ನಮ್ಮ ಮಕ್ಕಳು ಹ್ಯಾಲೋಆಲ್ಕೇನುಗಳ ಅಧ್ಯಾಯದಲ್ಲಿ ಇಂದಿಗೂ ಪಾಶ್ಚರರ ಹೆಸರನ್ನು ಓದುತ್ತಾರೆ.

ಬ್ವೆನೊಸ್ ಐರಿಸ್‌ನ ಪಾಠ

2025ರಲ್ಲಿ ದೈವಾಧೀನರಾದ ಜಗದ್ಗುರು ಫ್ರಾನ್ಸಿಸ್‌ರವರು ಬಾಲ್ಯದ ಶಿಕ್ಷಣದಲ್ಲಿ ರಸಾಯನಶಾಸ್ತ್ರದ ತಾಂತ್ರಿಕ ತರಬೇತಿ ಪಡೆದವರು ಎಂಬುದನ್ನು ನಮ್ಮ ಎಷ್ಟು ಮಕ್ಕಳು ಬಲ್ಲರು? ಗುರುಮಠ ಸೇರುವ ಮೊದಲು ಅವರು ಅರ್ಜೆಂಟೀನಾದ ರಾಜಧಾನಿಯ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುತ್ತಿದ್ದರು. ಅಲ್ಲಿ ಅವರ ಮೇಲ್ವಿಚಾರಕಿಯಾಗಿದ್ದವರು ಎಸ್ತೆರ್ ಬಾಯೆಸ್ತ್ರೀನೊ ಎಂಬ ವಿಜ್ಞಾನಿ. ಪರಾಗ್ವೆ ಮೂಲದವರು, ಧರ್ಮಸಭೆಯ ವಿಚಾರಗಳಿಗಿಂತ ತೀರ ಭಿನ್ನವಾದ ರಾಜಕೀಯ ನಂಬಿಕೆಯವರು.

ತರುಣನು ವಿಶ್ಲೇಷಣೆಯೊಂದನ್ನು ಬೇಗನೆ ಮುಗಿಸಿ ತಂದೊಪ್ಪಿಸಿದಾಗ ಆಕೆ ಮೊದಲು ಅವನ ವೇಗವನ್ನು ಮೆಚ್ಚುತ್ತಿದ್ದರು. ಮರುಕ್ಷಣವೇ, ಇಂಥ ಪರೀಕ್ಷೆಯನ್ನು ಮಾಡಿದೆಯೋ ಇಲ್ಲವೋ ಎಂದು ಕೇಳುತ್ತಿದ್ದರು. ಹಿಂದಿನ ಪರೀಕ್ಷೆಗಳಿಂದಲೇ ಫಲಿತಾಂಶ ಹೆಚ್ಚುಕಡಿಮೆ ತಿಳಿಯುತ್ತದಲ್ಲ, ಮತ್ತೇಕೆ ಮಾಡಬೇಕು ಎಂಬುದು ಅವನ ಉತ್ತರ. ಹಾಗಲ್ಲ, ಕೆಲಸವನ್ನು ಸರಿಯಾಗಿಯೇ ಮಾಡಬೇಕು ಎಂದು ಆಕೆ ತಿದ್ದುತ್ತಿದ್ದರು. ಕೆಲಸದ ಗಾಂಭೀರ್ಯವನ್ನು ತಮಗೆ ಕಲಿಸಿದವರು ಆಕೆಯೇ ಎಂದು ಫ್ರಾನ್ಸಿಸ್‌ರವರು ದಶಕಗಳ ಅನಂತರವೂ ಸ್ಮರಿಸಿದರು.

ಆಕೆಯ ಮುಂದಿನ ಬದುಕು ದಾರುಣವಾದುದು. ಸೈನಿಕ ಸರ್ವಾಧಿಕಾರದ ಕಾಲದಲ್ಲಿ ಕಾಣೆಯಾದ ಮಕ್ಕಳಿಗಾಗಿ ದನಿಯೆತ್ತಿದ ತಾಯಂದಿರಲ್ಲಿ ಒಬ್ಬರಾಗಿದ್ದ ಆಕೆಯನ್ನು 1977ರಲ್ಲಿ ಅಪಹರಿಸಿ ಕೊಲ್ಲಲಾಯಿತು. 2005ರಲ್ಲಿ ಅವಶೇಷಗಳ ಗುರುತು ಸಿಕ್ಕಿದಾಗ, ಅವನ್ನು ದೇವಾಲಯದ ಆವರಣದಲ್ಲಿಯೇ ಸಮಾಧಿ ಮಾಡಲು ಮಹಾಧರ್ಮಾಧ್ಯಕ್ಷರಾಗಿದ್ದ ಅವರ ಹಳೆಯ ಶಿಷ್ಯರೇ ಸಮ್ಮತಿ ನೀಡಿದರು. ಪ್ರಯೋಗನಳಿಕೆಯ ಮುಂದೆ ‘ಹೆಚ್ಚುಕಡಿಮೆ’ಯನ್ನು ಒಪ್ಪದ ಮಹಿಳೆ ಬೀದಿಯಲ್ಲಿಯೂ ಸುಳ್ಳನ್ನು ಒಪ್ಪಲಿಲ್ಲ.

ಪುಸ್ತಕ ಮುಚ್ಚಿದ ಮೇಲೆ

ಲಿಖಿತ ಪರೀಕ್ಷೆಯ ತಯಾರಿಯಲ್ಲೂ ಸತ್ಯದ ಪ್ರಶ್ನೆಯೇ ಮುಖ್ಯ. ಇಲ್ಲಿ ಮಗು ಮೋಸಗೊಳಿಸುವುದು ತನ್ನನ್ನೇ. ಗೈಡಿನಲ್ಲಿರುವ ಉತ್ತರವನ್ನು ನಾಲ್ಕು ಬಾರಿ ಓದಿದಾಗ ಎಲ್ಲವೂ ಪರಿಚಿತವೆನಿಸುತ್ತದೆ. ಪರಿಚಯವನ್ನೇ ಜ್ಞಾನವೆಂದು ಮನಸ್ಸು ಭ್ರಮಿಸುತ್ತದೆ. ಅಮೆರಿಕದ ಮನಃಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಸ್ಪಷ್ಟವಾಗಿ ತೋರಿಸಿತು. ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷಗಳ ಅನಂತರ ಚೆನ್ನಾಗಿ ಉತ್ತರಿಸಿದರು. ಆದರೆ ಒಂದು ವಾರದ ಅನಂತರ, ಪಾಠವನ್ನು ನೋಡದೆ ನೆನಪಿನಿಂದ ಬರೆದು ಅಭ್ಯಾಸ ಮಾಡಿದವರೇ ಮುಂದಿದ್ದರು. ಸ್ವಾರಸ್ಯವೆಂದರೆ, ತಮಗೆ ಚೆನ್ನಾಗಿ ನೆನಪಿರುತ್ತದೆಂಬ ವಿಶ್ವಾಸ ಹೆಚ್ಚಾಗಿದ್ದುದು ಬರಿದೇ ಓದಿದವರಲ್ಲಿ.

ಆದುದರಿಂದ ಮಕ್ಕಳು ಪುಸ್ತಕ ಮುಚ್ಚಿ, ಬಿಳಿ ಹಾಳೆಯ ಮುಂದೆ ಕುಳಿತುಕೊಳ್ಳಲಿ. ಆಲ್ಕೋಹಾಲು, ಆಲ್ಡಿಹೈಡು, ಕಾರ್ಬಾಕ್ಸಿಲಿಕ್ ಆಮ್ಲಗಳು ಒಂದರಿಂದ ಒಂದು ಹೇಗೆ ದೊರೆಯುತ್ತವೆಂಬುದನ್ನು ನೆನಪಿನಿಂದಲೇ ಬರೆದು, ಅನಂತರ ಪುಸ್ತಕ ತೆರೆದು ಕೆಂಪು ಶಾಯಿಯಲ್ಲಿ ತಿದ್ದಿಕೊಳ್ಳಲಿ. ನಾವು ಮಲಗುವ ಮುನ್ನ ಮಾಡುವ ಆತ್ಮಪರಿಶೋಧನೆಯ ಕ್ರಮವೂ ಇದೇ ಅಲ್ಲವೇ? ದಿನವನ್ನು ನೆನೆದು, ತಪ್ಪನ್ನು ಹೆಸರಿಟ್ಟು ಗುರುತಿಸಿ, ನಾಳೆಗೆ ಸಂಕಲ್ಪ ಮಾಡುವುದು.

ಲೆಕ್ಕಗಳನ್ನು ಮಾಡಿದ ಮೇಲೆ ಉತ್ತರವನ್ನೂ ಪ್ರಶ್ನಿಸಬೇಕು. ಪ್ರಥಮ ಶ್ರೇಣಿಯ ಕ್ರಿಯೆಯೊಂದರ ದರ ಸ್ಥಿರಾಂಕ ನಿಮಿಷಕ್ಕೆ 0.0231 ಎಂದಿದ್ದರೆ, 0.693ನ್ನು ಅದರಿಂದ ಭಾಗಿಸಿದಾಗ ಅರ್ಧಾಯು 30 ನಿಮಿಷವೆಂದು ತಿಳಿಯುತ್ತದೆ. ಹಾಗಾದರೆ 90 ನಿಮಿಷಗಳ ಅನಂತರ ಎಷ್ಟು ಉಳಿಯಬೇಕು? ಅರ್ಧದ ಅರ್ಧದ ಅರ್ಧ, ಎಂಟನೆಯ ಒಂದು ಪಾಲು. ಸೂತ್ರದಿಂದ ಬಂದ ಉತ್ತರ ಇದಕ್ಕೆ ಹೊಂದದಿದ್ದರೆ ಎಲ್ಲೋ ತಪ್ಪಾಗಿದೆಯೆಂದು ಯಾರೂ ಹೇಳದೆಯೇ ತಿಳಿಯುತ್ತದೆ.

ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿದ ಮಕ್ಕಳಿಗೆ ಮತ್ತೊಂದು ಹೊರೆಯಿದೆ. ವಿಜ್ಞಾನದ ಬೋಧನೆ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ನಡೆಯುತ್ತದೆ. ಮೊಲಾರಿಟಿ, ಮೊಲಾಲಿಟಿ ಎಂಬ ಪದಗಳು ಕಿವಿಗೆ ಒಂದೇ ತರಹ ಕೇಳಿಸುತ್ತವೆ. ಮೊದಲನೆಯದು ಒಂದು ಲೀಟರ್ ದ್ರಾವಣದಲ್ಲಿರುವ ಮೋಲ್‌ಗಳ ಲೆಕ್ಕ. ಎರಡನೆಯದು ಒಂದು ಕಿಲೋಗ್ರಾಂ ದ್ರಾವಕಕ್ಕೆ ಇರುವ ಮೋಲ್‌ಗಳ ಲೆಕ್ಕ. ಇಂಥ ಪದಗಳ ಅರ್ಥವನ್ನು ಮೊದಲು ತಾಯ್ನುಡಿಯಲ್ಲಿ ಹೇಳಿಕೊಂಡು, ಅನಂತರ ಇಂಗ್ಲಿಷಿನಲ್ಲಿ ಬರೆಯುವುದರಲ್ಲಿ ಯಾವ ಕೀಳರಿಮೆಯೂ ಬೇಡ.

ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸುವುದು ಒಳ್ಳೆಯದು. ಆದರೆ ಒಂದು ಎಚ್ಚರಿಕೆ. 2022ರಲ್ಲಿ ಎನ್.ಸಿ.ಇ.ಆರ್.ಟಿ. ಪಠ್ಯವನ್ನು ಕಡಿಮೆ ಮಾಡಿದಾಗ ಘನಸ್ಥಿತಿ, ಮೇಲ್ಮೈ ರಸಾಯನಶಾಸ್ತ್ರ, ಪಾಲಿಮರ್‌ಗಳು ಮೊದಲಾದ ಅಧ್ಯಾಯಗಳನ್ನು ಕೈಬಿಡಲಾಯಿತು. ಹತ್ತು ವರ್ಷ ಹಿಂದಿನ ಪತ್ರಿಕೆಯಲ್ಲಿ ಅವುಗಳ ಪ್ರಶ್ನೆಗಳನ್ನು ಕಂಡು ಮಗು ಎದೆಗುಂದಬಾರದು. ಪರೀಕ್ಷಾ ಮಂಡಳಿಯ ಇತ್ತೀಚಿನ ಮಾದರಿ ಪತ್ರಿಕೆಯನ್ನು ಗಡಿಯಾರ ಮುಂದಿಟ್ಟುಕೊಂಡು, ಪೂರ್ತಿ ಸಮಯ ಕುಳಿತು ಬಿಡಿಸುವುದು ಹೆಚ್ಚು ಪ್ರಯೋಜನಕಾರಿ.

ತಂದೆತಾಯಂದಿರಲ್ಲಿ ಒಂದು ಬಿನ್ನಹ

ಮಗು ಮನೆಗೆ ಬಂದೊಡನೆ ‘ಎಷ್ಟು ಬರುತ್ತದೆ?’ ಎಂದು ಕೇಳುವುದು ನಮ್ಮ ರೂಢಿ. ಅದರ ಬದಲು ‘ಇವತ್ತು ಯಾವುದು ಅರ್ಥವಾಯಿತು, ಯಾವುದು ಆಗಲಿಲ್ಲ ಮಗಾ?’ ಎಂದು ಕೇಳಿನೋಡಿ. ಮೊದಲನೆಯ ಪ್ರಶ್ನೆಗೆ ಹೆದರಿದ ಮಗು ಸುಳ್ಳು ಹೇಳುವುದನ್ನು ಕಲಿಯುತ್ತದೆ. ಎರಡನೆಯದಕ್ಕೆ ನಿಜ ಹೇಳಲು ಧೈರ್ಯ ಬರುತ್ತದೆ. ದಾಖಲೆ ಪುಸ್ತಕದಲ್ಲಿ ಸತ್ಯ ಬರೆಯಬೇಕೆಂದು ಬಯಸುವ ನಾವು, ಮನೆಯಲ್ಲಿ ಸತ್ಯ ನುಡಿಯಲು ಅವಕಾಶ ಕೊಡಬೇಡವೇ?

ಟ್ಯೂಷನ್ನಿಗಾಗಿ ಭಾನುವಾರದ ಬಲಿಪೂಜೆಯನ್ನು ಬಿಡಿಸುವ ಮನೆಗಳೂ ಇವೆ. ವಾರದ ಒಂದು ಗಂಟೆಯಿಂದ ಅಂಕಗಳು ಕುಸಿಯುವುದಿಲ್ಲ. ತನ್ನ ಬೆಲೆ ಅಂಕಗಳಿಗಿಂತ ದೊಡ್ಡದೆಂದು ಮಗುವಿಗೆ ತಿಳಿಯುವ ಒಂದೇ ಸ್ಥಳ ಕೆಲವೊಮ್ಮೆ ದೇವಾಲಯವೇ ಆಗಿರುತ್ತದೆ. ಪರೀಕ್ಷೆಯ ಕಾಲದಲ್ಲಿಯೇ ಅದನ್ನು ಮುಚ್ಚಿಬಿಡಬೇಡಿ.

ಸಂತ ಮತ್ತಾಯರ ಶುಭಸಂದೇಶದ ತಲೆಂತುಗಳ ಸಾಮತಿಯನ್ನು ನಾವು ಅನೇಕ ಬಾರಿ ಕೇಳಿದ್ದೇವೆ. ಐದಕ್ಕೆ ಐದು ಸೇರಿಸಿದವನಿಗೂ ಎರಡಕ್ಕೆ ಎರಡು ಸೇರಿಸಿದವನಿಗೂ ಯಜಮಾನ ನುಡಿದ ಮೆಚ್ಚುಗೆಯ ಮಾತು ಒಂದೇ. ಹತ್ತು ತಂದವನನ್ನು ತೋರಿಸಿ ನಾಲ್ಕು ತಂದವನನ್ನು ಹೀಯಾಳಿಸಲಿಲ್ಲ. ಅವನು ಗದರಿಸಿದ್ದು ಹೆದರಿಕೆಯಿಂದ ನೆಲದಲ್ಲಿ ಹೂತಿಟ್ಟವನನ್ನು ಮಾತ್ರ. ನೆರೆಮನೆಯ ಮಗುವಿನ ಅಂಕಗಳನ್ನು ಹೋಲಿಸಿ ನಮ್ಮ ಮಕ್ಕಳಲ್ಲಿ ನಾವೇ ಆ ಹೆದರಿಕೆಯನ್ನು ಬಿತ್ತಬಾರದು.

ಫಲಿತಾಂಶದ ದಿನಗಳಲ್ಲಿ ಜೀವವನ್ನೇ ಕಳೆದುಕೊಂಡ ಮಕ್ಕಳ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿ ನಾವೆಲ್ಲರೂ ನಿಟ್ಟುಸಿರು ಬಿಟ್ಟಿದ್ದೇವೆ. ನಮ್ಮ ಧರ್ಮಕೇಂದ್ರಗಳ ಮನೆಗಳೂ ಆ ಅಪಾಯದಿಂದ ಹೊರತಾಗಿಲ್ಲ. ಮಗು ಮಾತು ಬಿಟ್ಟರೆ, ಊಟ ನಿದ್ರೆ ಬಿಟ್ಟರೆ, ತಾನಿದ್ದು ಪ್ರಯೋಜನವಿಲ್ಲವೆಂದು ನುಡಿದರೆ ಹಗುರವಾಗಿ ಕಾಣಬೇಡಿ. ಅದನ್ನು ಒಂಟಿಯಾಗಿ ಬಿಡದೆ ಜೊತೆಯಲ್ಲಿ ಕುಳಿತುಕೊಳ್ಳಿ. ವೈದ್ಯರನ್ನು ಕಾಣಲು ಸಂಕೋಚಪಡಬೇಡಿ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ 14416, ಕರೆ ಉಚಿತ. ಅಂಕ ಕಡಿಮೆಯಾದರೆ ದಾರಿ ಮುಚ್ಚಿತೆಂದೂ ತಿಳಿಯಬೇಕಿಲ್ಲ. 2024ರಿಂದ ನಮ್ಮ ರಾಜ್ಯದಲ್ಲಿ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆ ನಡೆಸಿ, ಉತ್ತಮವಾದ ಅಂಕವನ್ನು ಉಳಿಸಿಕೊಳ್ಳುವ ಅವಕಾಶ ಕಲ್ಪಿಸಲಾಗಿದೆ. ಮರುಪರೀಕ್ಷೆ ಅವಮಾನವಲ್ಲ, ಮತ್ತೆ ಏಳುವವರಿಗೆ ದೇವರು ಬಾಗಿಲು ಮುಚ್ಚುವುದಿಲ್ಲವೆಂದು ಪಾಪನಿವೇದನೆಯ ಸಂಸ್ಕಾರವೇ ನಮಗೆ ಕಲಿಸಿದೆ.

ಪ್ರಿಯ ವಿದ್ಯಾರ್ಥಿಗಳೇ, ಬ್ಯುರೆಟ್ ಮುಂದೆ ನಿಂತಾಗ ಕಣ್ಣಿಗೆ ಕಂಡಷ್ಟನ್ನೇ ಬರೆಯಿರಿ. ತಿಳಿಯದ್ದನ್ನು ತಿಳಿಯದೆಂದು ಗುರುತು ಮಾಡಿಕೊಂಡು, ಉಪನ್ಯಾಸಕರನ್ನು ಕೇಳಿ ಕಲಿಯಿರಿ. ರಾತ್ರಿ ಬಹಳ ಹೊತ್ತು ಜಾಗರಣೆ ಮಾಡದೆ, ಮನೆಯವರೊಡನೆ ಜಪಸರದ ಒಂದು ರಹಸ್ಯವನ್ನಾದರೂ ಪ್ರಾರ್ಥಿಸಿ ಮಲಗಿರಿ. ವಿವೇಕದ ವರವನ್ನು ನೀಡುವ ಪವಿತ್ರಾತ್ಮರು ನಿಮ್ಮ ಶ್ರಮವನ್ನು ಹರಸಲಿ, ನಿಮ್ಮ ಲೇಖನಿ ಸತ್ಯವನ್ನೇ ಬರೆಯಲಿ.