ಪಾಕಾ: ಕಾಡಿನವರ ಮಡಕೆ, ಪೇಟೆಯ ತಕ್ಕಡಿ

ಇಲಿಯೆಂದೊಡನೆ ನಮಗೆ ನೆನಪಾಗುವುದು ಕಣಜಕ್ಕೆ ಕನ್ನವಿಕ್ಕುವ ಕಳ್ಳ. ಆದರೆ ಇಲಿ, ಅಳಿಲು, ಮುಳ್ಳುಹಂದಿಗಳನ್ನೊಳಗೊಂಡ ದಂಶಕ ಗಣದಲ್ಲಿ ರಾಜಭೋಜನದ ಪಂಕ್ತಿಗೇರಿದ ಪ್ರಾಣಿಯೂ ಒಂದುಂಟು. 1985ರಲ್ಲಿ ಇಂಗ್ಲೆಂಡಿನ ರಾಣಿ ಎರಡನೆಯ ಎಲಿಜಬೆತ್ ಮಧ್ಯ ಅಮೆರಿಕದ ಬೆಲೀಜ್ ದೇಶಕ್ಕೆ ಭೇಟಿಯಿತ್ತಾಗ ಅಲ್ಲಿನವರು ತಮ್ಮ ನಾಡಿನ ಶ್ರೇಷ್ಠ ಭಕ್ಷ್ಯವೆಂದು ಇದರ ಮಾಂಸವನ್ನು ಬಡಿಸಿದರು. ರಾಣಿಗೆ ಇಲಿ ತಿನ್ನಿಸಿದರೆಂದು ಬ್ರಿಟಿಷ್ ಪತ್ರಿಕೆಗಳು ಗುಲ್ಲೆಬ್ಬಿಸಿದವು. ಬೆಲೀಜಿನ ಜನ ಮಾತ್ರ ಅದನ್ನೇ ಹೆಮ್ಮೆಯಾಗಿ ಮಾಡಿಕೊಂಡು 'ರಾಜ ಇಲಿ' ಎಂದು ಹೆಸರಿಟ್ಟರು.

ಈ ಪ್ರಾಣಿಯ ಹೆಸರು ಪಾಕಾ. ಬ್ರೆಜಿಲಿನ ಮೂಲನಿವಾಸಿಗಳ ತುಪಿ ಭಾಷೆಯಿಂದ ಬಂದ ಪದವಿದು. ನಮ್ಮ ಪಾಕಶಾಲೆಗೂ ಇದಕ್ಕೂ ನಂಟಿಲ್ಲ. ಆದರೂ ಅದರ ಹಣೆಬರಹವನ್ನು ನೋಡಿದರೆ ಹೆಸರು ಅನ್ವರ್ಥವೆಂದೇ ತೋರುತ್ತದೆ! ಮೆಕ್ಸಿಕೋದಿಂದ ಪರಾಗ್ವೆಯವರೆಗಿನ ಕಾಡುಗಳಲ್ಲಿ ಇದರ ವಾಸ. ತೂಕ ಸಾಮಾನ್ಯವಾಗಿ 6ರಿಂದ 12 ಕಿಲೋಗ್ರಾಂ. ಕಂದು ಮೈ, ಪಕ್ಕೆಗಳ ಉದ್ದಕ್ಕೆ ಬಿಳಿಯ ಚುಕ್ಕೆಗಳ ಸಾಲು, ಸಣ್ಣ ಕಾಲು, ಇದ್ದೂ ಇಲ್ಲದಂತಹ ಬಾಲ. ಮಲೆನಾಡಿನ ಬರ್ಕವನ್ನು, ಅಂದರೆ ಆ ಕಿರುಜಿಂಕೆಯನ್ನು, ಕಂಡವರು ಪಾಕಾದ ಚಿತ್ರವನ್ನು ನೋಡಿ ಬೆರಗಾಗದಿರರು. ರಕ್ತಸಂಬಂಧವಿಲ್ಲದ ಎರಡು ಜೀವಿಗಳು, ಎರಡು ಭೂಖಂಡಗಳ ಕಾಡುನೆಲದಲ್ಲಿ ಬಿದ್ದ ಹಣ್ಣನ್ನು ಆಯ್ದು ಬದುಕುತ್ತ, ಒಂದೇ ಬಗೆಯ ಅಂಗಿಯನ್ನು ತೊಟ್ಟಿವೆ.

ಪಾಕಾ ನಿಶಾಚರಿ. ಹಗಲೆಲ್ಲ ಬಿಲದಲ್ಲಿ ನಿದ್ರೆ. ಬಿಲಕ್ಕೆ ಒಂದಕ್ಕಿಂತ ಹೆಚ್ಚು ಬಾಯಿಗಳಿದ್ದು, ಕೆಲವನ್ನು ತರಗೆಲೆಗಳಿಂದ ಮುಚ್ಚಿರುತ್ತದೆ. ಅಪಾಯ ಬಂದಾಗ ಎಲೆಗಳನ್ನು ಚಿಮ್ಮಿಸಿ ಹೊರನುಗ್ಗಿ, ಬಳಿಯ ಹೊಳೆಗೆ ಧುಮುಕುತ್ತದೆ. ಈಜುವುದರಲ್ಲಿ ಇದು ನಿಪುಣ. ಇನ್ನೊಂದು ವಿಶೇಷವೆಂದರೆ ಅದರ ಬೆಳದಿಂಗಳ ಭಯ. ಚಂದ್ರನು ಪ್ರಕಾಶಮಾನವಾಗಿರುವ ರಾತ್ರಿಗಳಲ್ಲಿ ಅದರ ಓಡಾಟ ಕಡಮೆಯಾಗುತ್ತದೆ. ಅಮೆಜಾನಿನ ಬೇಟೆಗಾರರಿಗೆ ಇದು ಚೆನ್ನಾಗಿ ಗೊತ್ತು. ಕಗ್ಗತ್ತಲೆಯ ರಾತ್ರಿಗಳನ್ನೇ ಆರಿಸಿಕೊಂಡು ದೋಣಿಯಲ್ಲಿ ಸದ್ದಿಲ್ಲದೆ ತೇಲುತ್ತ, ದಂಡೆಯ ಮೇಲೆ ದೀಪ ಹಾಯಿಸಿ, ಹೊಳೆಯುವ ಕಣ್ಣುಗಳನ್ನು ಹುಡುಕುತ್ತಾರೆ. ಹಣ್ಣುದುರುವ ಮರದ ಮೇಲೆ ಅಟ್ಟಣೆ ಕಟ್ಟಿ ಕಾಯುವುದೂ ಉಂಟು, ನಾಯಿಗಳನ್ನು ಬಿಟ್ಟು ಬಿಲದಿಂದ ಹೊರಡಿಸುವುದೂ ಉಂಟು. ಈಚೆಗೆ ಅಗ್ಗದ ಎಲ್‌ಇಡಿ ಟಾರ್ಚುಗಳು ಬಂದ ಮೇಲೆ ರಾತ್ರಿಬೇಟೆ ಮೊದಲಿಗಿಂತ ಬಹಳ ಸುಲಭವಾಗಿದೆ. ದೀಪ ಬದಲಾಯಿತು, ಪಾಕಾದ ಕಣ್ಣು ಬದಲಾಗಲಿಲ್ಲ.

ಕಾಡಂಚಿನ ಕುಟುಂಬಕ್ಕೆ ಪಾಕಾ ಎಂದರೆ ಒಂದೆರಡು ದಿನದ ಸಸಾರಜನಕ. ಮರಗೆಣಸು, ಬಾಳೆಗಳ ಊಟಕ್ಕೆ ಮೀನು ಸಿಗದ ಕಾಲದಲ್ಲಿ ಮಾಂಸವೇ ಗತಿ. ಹೊಲಕ್ಕೆ ಬಂದು ಬೆಳೆ ತಿನ್ನುವ ಪಾಕಾ ತಾನಾಗಿಯೇ ಕೈಗೆ ಸಿಗುತ್ತದೆ. ಹೊಲವೇ ಬಲೆಯಾಗುವ ಈ ಪದ್ಧತಿಗೆ ಮಾನವಶಾಸ್ತ್ರಜ್ಞೆ ಓಲ್ಗಾ ಲಿನಾರೆಸ್ 1976ರಲ್ಲಿ 'ತೋಟದ ಬೇಟೆ' ಎಂಬ ಹೆಸರನ್ನು ಕೊಟ್ಟರು. ಬೆಳೆಯೂ ಉಳಿಯಿತು, ಸಾರೂ ಆಯಿತು.

ಹಾಗಾದರೆ ಚಿಂತೆ ಏಕೆ? ದಂಶಕವಲ್ಲವೆ, ಇಲಿಯಂತೆ ಮರಿ ಹಾಕಿ ತುಂಬಿಕೊಳ್ಳಲಿ ಎನ್ನಬಹುದು. ಇಲ್ಲಿಯೇ ನಮ್ಮ ಊಹೆ ಎಡವುವುದು. ಮನೆಯ ಹೆಗ್ಗೆಲಸಗಾರನಾದ ಇಲಿ ಮೂರು ವಾರದ ಗರ್ಭದಲ್ಲಿ ಅರ್ಧ ಡಜನಿಗೂ ಮಿಕ್ಕಿ ಮರಿಗಳನ್ನು ಈಯುತ್ತದೆ. ಪಾಕಾದ ಗರ್ಭಾವಧಿ ಸುಮಾರು ನಾಲ್ಕೈದು ತಿಂಗಳು. ಒಂದು ಸಲಕ್ಕೆ ಸಾಮಾನ್ಯವಾಗಿ ಒಂದೇ ಮರಿ. ವರ್ಷಕ್ಕೆ ಹೆಚ್ಚೆಂದರೆ ಎರಡು ಹೆರಿಗೆ. ದೇಹ ಇಲಿಯ ಬಳಗದ್ದು, ಸಂತಾನದ ಲೆಕ್ಕ ಜಿಂಕೆಯದು. ಒಂದು ಕಾಡಿನಿಂದ ಎಷ್ಟು ಪ್ರಾಣಿಗಳನ್ನು ತೆಗೆಯಬಹುದೆಂಬುದಕ್ಕೆ ಜಾನ್ ರಾಬಿನ್ಸನ್, ಕೆಂಟ್ ರೆಡ್‌ಫರ್ಡ್ ಎಂಬ ವಿಜ್ಞಾನಿಗಳು 1991ರಲ್ಲಿ ಒಂದು ಸೂತ್ರವನ್ನು ಮುಂದಿಟ್ಟರು. ವರ್ಷದಲ್ಲಿ ಹೊಸದಾಗಿ ಹುಟ್ಟಬಲ್ಲ ಪ್ರಾಣಿಗಳಲ್ಲಿ ಅತ್ಯಲ್ಪಾಯುಗಳಾದರೆ ನೂರಕ್ಕೆ 60, ಮಧ್ಯಮಾಯುಗಳಾದರೆ 40, ದೀರ್ಘಾಯುಗಳಾದರೆ 20, ಇದು ಪರಮಾವಧಿ. ಬಡ್ಡಿಯಲ್ಲಿಯೂ ಒಂದು ಪಾಲನ್ನಷ್ಟೇ ತಿನ್ನು ಎಂದು ಇದರ ತಾತ್ಪರ್ಯ.

ಒಂದು ಮನೆಯ ಮಡಕೆಗೆ ಈ ಪಾಲು ಬಹಳ ಕಡೆ ಸಾಕಾಗುತ್ತದೆ. ದೊಡ್ಡ ಕೋತಿಗಳೂ ಟೇಪಿರ್‌ಗಳೂ ಬೇಟೆಗೆ ಬೇಗ ಕುಸಿಯುವ ಕಾಡುಗಳಲ್ಲಿ ಪಾಕಾ ತಕ್ಕಮಟ್ಟಿಗೆ ತಡೆದುಕೊಂಡಿದೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಪಟ್ಟಿಯಲ್ಲಿಯೂ ಅದು ಅಳಿವಿನ ಭೀತಿಯಿರುವ ಪ್ರಾಣಿಯಲ್ಲ. ಆದರೆ ಮಡಕೆಗೆ ತಳವುಂಟು, ಪೇಟೆಯ ತಕ್ಕಡಿಗೆ ತಳವಿಲ್ಲ. ಪೆರುವಿನ ಇಕಿಟೋಸ್ ನಗರದ ಬೆಲೆನ್ ಮಾರುಕಟ್ಟೆಯಲ್ಲಿ ಪಾಕಾ ಮಾಂಸಕ್ಕೆ ಒಳ್ಳೆಯ ಬೇಡಿಕೆಯಿದೆ. ಹೀಗಿರುವಲ್ಲಿ ಬೇಟೆಗಾರನು ತನ್ನ ಪಾಕಾವನ್ನು ಮಾರಿ ಅಕ್ಕಿ, ಎಣ್ಣೆ, ಔಷಧ ಕೊಳ್ಳುವುದನ್ನು ತಪ್ಪೆನ್ನುವುದು ಸುಲಭವಲ್ಲ.

ಕಾನೂನು ಏನು ಮಾಡಿದೆ? ಬ್ರೆಜಿಲ್ 1967ರಲ್ಲಿ ವೃತ್ತಿಬೇಟೆಯನ್ನು ನಿಷೇಧಿಸಿತು. 1998ರ ಕಾಯಿದೆಯೊಂದು, ತನ್ನ ಅಥವಾ ತನ್ನ ಕುಟುಂಬದ ಹಸಿವನ್ನು ತಣಿಸಲು ಅನಿವಾರ್ಯವಾಗಿ ಪ್ರಾಣಿಯನ್ನು ಕೊಂದರೆ ಅಪರಾಧವಲ್ಲವೆಂದಿತು. ಮಾತು ನ್ಯಾಯವಾದುದೇ. ಆದರೆ ಹಸಿವು ಎಲ್ಲಿ ಮುಗಿಯಿತು, ವ್ಯಾಪಾರ ಎಲ್ಲಿ ಮೊದಲಾಯಿತು ಎಂಬುದನ್ನು ಹೊಳೆದಂಡೆಯ ಕತ್ತಲಲ್ಲಿ ಅಳೆಯುವವರಾರು?

ಸಾಕಿದರಾಗದೆ ಎಂದು ವಾಚಕರು ಕೇಳಬಹುದು. ಪನಾಮದ ಸ್ಮಿತ್‌ಸೋನಿಯನ್ ಸಂಶೋಧನಾ ಸಂಸ್ಥೆಯ ನಿಕೊಲಾಸ್ ಸ್ಮೈತ್ ಈ ಯತ್ನವನ್ನು ಮಾಡಿದರು. ಬೆಳೆದ ಪಾಕಾಗಳು ಒಂದನ್ನೊಂದು ಸಹಿಸದೆ ಕಚ್ಚಾಡುತ್ತವೆ. ಆದರೆ ಎಳೆಯ ಮರಿಗಳನ್ನು ಒಟ್ಟಿಗೆ, ಮನುಷ್ಯರ ಕೈಯಲ್ಲಿ ಬೆಳೆಸಿದಾಗ ಅವು ಗುಂಪಿನಲ್ಲಿ ಶಾಂತವಾಗಿ ಬಾಳಿದವು. ಸ್ವಭಾವವನ್ನು ಪಳಗಿಸಬಹುದಾಯಿತು; ಗರ್ಭಾವಧಿಯನ್ನು ಪಳಗಿಸಲಾಗಲಿಲ್ಲ. ವರ್ಷಕ್ಕೊಂದೆರಡು ಮರಿ ಕೊಡುವ ಪ್ರಾಣಿಯ ಮಾಂಸ ಕೋಳಿಯೊಡನೆ ಬೆಲೆಯಲ್ಲಿ ಪೈಪೋಟಿ ಮಾಡೀತು ಹೇಗೆ?

ಇದಕ್ಕಿಂತ ಹೆಚ್ಚು ಭರವಸೆಯುಳ್ಳ ದಾರಿ ಹಳ್ಳಿಗರ ಕೈಯಲ್ಲಿಯೇ ಇದೆಯೆಂದು ನನ್ನ ಎಣಿಕೆ. ಪೆರುವಿನ ಟಾಮ್ಶಿಯಾಕು-ಟಾಹುವಾಯೋ ಮೀಸಲು ಪ್ರದೇಶವು 1991ರಲ್ಲಿ ರೂಪುಗೊಂಡಾಗ ನಡುವಣ ಕಾಡನ್ನು ಬೇಟೆಯಿಲ್ಲದ ವಲಯವೆಂದಿರಿಸಿ, ಸುತ್ತಲಿನ ಭಾಗವನ್ನು ಹಳ್ಳಿಗರ ಸ್ವಂತ ಬಳಕೆಗೆ ಬಿಡಲಾಯಿತು. ನಡುಗಾಡಿನಲ್ಲಿ ಹೆಚ್ಚಿದ ಪ್ರಾಣಿಗಳು ಹೊರಗೆ ಹರಿದುಬಂದು, ಬೇಟೆಯಲ್ಲಿ ತೆರವಾದ ಸ್ಥಾನವನ್ನು ತುಂಬಬಲ್ಲವು. ಅಮೆಜಾನಿನ ಕೆಲವೆಡೆ ಬೇಟೆಗಾರರು ತಾವು ಕೊಂದ ಹೆಣ್ಣು ಪಾಕಾಗಳ ಗರ್ಭಕೋಶಗಳನ್ನು ಎಸೆಯದೆ ವಿಜ್ಞಾನಿಗಳಿಗೆ ತಂದೊಪ್ಪಿಸುತ್ತಿದ್ದಾರೆ. ಯಾವ ತಿಂಗಳಲ್ಲಿ ಎಷ್ಟು ಹೆಣ್ಣುಗಳು ಗರ್ಭಿಣಿಯರೆಂಬುದು ಇದರಿಂದಲೇ ತಿಳಿದುಬರುತ್ತಿದೆ. ಯಾವ ತಿಂಗಳಲ್ಲಿ ದೋಣಿಯನ್ನು ದಡಕ್ಕೆ ಕಟ್ಟಿಡಬೇಕೆಂಬುದನ್ನು ಊರವರು ಕುಳಿತು ನಿಶ್ಚಯಿಸಲು ಆ ಲೆಕ್ಕ ಬೇಕೇ ಬೇಕು.