ನೋಡಿದ ಚಿತ್ರಗಳ ದಿನಚರಿ

ನಮ್ಮ ಹೊಸೂರಿನ ಮಕ್ಕಳು ಕನ್ನಡ, ತಮಿಳು, ತೆಲುಗು ಮೂರು ಭಾಷೆಗಳ ಚಿತ್ರಗಳನ್ನೂ ನೋಡುವವರು. ಯಾವುದನ್ನು ಎಂದು ನೋಡಿದೆವೆಂಬುದು ಬೇಗ ಮರೆತುಹೋಗುತ್ತದೆ. ಇದನ್ನು ಬರೆದಿಡಲೆಂದೇ 2011ರಲ್ಲಿ ನ್ಯೂಜಿಲೆಂಡಿನಲ್ಲಿ ಆರಂಭವಾದ ಲೆಟರ್‌ಬಾಕ್ಸ್ಡ್ ಎಂಬ ಅಂತರಜಾಲ ತಾಣವಿದೆ. ಚಿತ್ರದ ಹೆಸರು ಹುಡುಕಿ, ನೋಡಿದ ದಿನಾಂಕ ಗುರುತಿಸಿ, ಅಭಿಪ್ರಾಯ ಬರೆಯಬಹುದು. ಇಸವಿಯನ್ನು ಮಾತ್ರ ಗಮನಿಸತಕ್ಕದ್ದು: ‘ಗಂಧದ ಗುಡಿ’ ಎಂದರೆ 1973ರ ರಾಜಕುಮಾರ್ ಚಿತ್ರವೂ ಹೌದು, ಪುನೀತರ 2022ರ ಸಾಕ್ಷ್ಯಚಿತ್ರವೂ ಹೌದು.

ಅಲ್ಲಿನ ವಿವರಗಳು ಬರುವುದು ಟಿಎಂಡಿಬಿ ಎಂಬ ಇನ್ನೊಂದು ತಾಣದಿಂದ. ಅದನ್ನು ತುಂಬುವವರು ನಮ್ಮಂಥ ಪ್ರೇಕ್ಷಕರೇ. ಹಳೆಯ ಕನ್ನಡ ಚಿತ್ರವೊಂದು ಕಾಣದಿದ್ದರೆ, ಬಲ್ಲವರು ಯಾರೂ ಇನ್ನೂ ಸೇರಿಸಿಲ್ಲವೆಂದರ್ಥ. ಅಜ್ಜಿಯನ್ನು ಕೇಳಿದರೆ ನಟರ ಹೆಸರು ಸಿಕ್ಕೀತು! ಬರಿಯ ನಕ್ಷತ್ರ ಹಾಕಿ ಸುಮ್ಮನಾಗುವುದು ನನಗೆ ಹಿಡಿಸದು. ಎರಡು ಸಾಲನ್ನಾದರೂ ಕನ್ನಡದಲ್ಲಿ ಬರೆಯಿರಿ. ಪೋಷಕರನ್ನು ಕೇಳಿಯೇ ಖಾತೆ ತೆರೆಯಿರಿ. ಮನೆಯ ವಿಳಾಸ, ಶಾಲೆಯ ಹೆಸರು ಹಾಕಬೇಡಿ. ಅಲ್ಲಿ ಬರೆದದ್ದನ್ನು ಊರೆಲ್ಲ ಓದಬಹುದು.