ಹಿತ್ತಲಿನ ಸಸಿಮಡಿ ಮತ್ತು ಕುಟುಂಬದ ಆರೋಗ್ಯ

"ಬೆಳೆಯುವ ಸಿರಿ ಮೊಳಕೆಯಲ್ಲಿ" ಎಂಬುದು ನಮ್ಮ ಹಿರಿಯರ ಅನುಭವದ ಮಾತು. ಈ ಮಾತು ತರಕಾರಿಯ ಸಸಿಗಳ ವಿಷಯದಲ್ಲಿ ಅಕ್ಷರಶಃ ಸತ್ಯವಾಗಿದೆ. ಬದನೆ, ಟೊಮೇಟೊ ಮತ್ತು ಮೆಣಸಿನ ಗಿಡಗಳು ಮುಂದೆ ಎಷ್ಟು ಕಾಯಿ ಬಿಡುತ್ತವೆ ಎಂಬುದು ಅವು ಸಸಿಮಡಿಯಲ್ಲಿರುವ ಮೊದಲ ನಾಲ್ಕೈದು ವಾರಗಳಲ್ಲಿಯೇ ಬಹುಮಟ್ಟಿಗೆ ನಿರ್ಧಾರವಾಗುತ್ತದೆ. ಈ ಅವಧಿಯಲ್ಲಿ ನೀವು ದಿನಕ್ಕೆ ಕಾಲು ಗಂಟೆಯಷ್ಟು ಗಮನ ಕೊಟ್ಟರೆ, ಮುಂದಿನ ಹಲವು ತಿಂಗಳು ನಿಮ್ಮ ಅಡುಗೆಮನೆಗೆ ತರಕಾರಿಯ ಕೊರತೆ ಇರುವುದಿಲ್ಲ.

ಆರೋಗ್ಯದ ಪುಸ್ತಿಕೆಯಲ್ಲಿ ಸಸಿ ಬೆಳೆಸುವ ವಿಷಯವೇಕೆ ಎಂದು ನೀವು ಕೇಳಬಹುದು. 2019-21ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಪ್ರತಿ ಮೂವರು ಮಕ್ಕಳಲ್ಲಿ ಸುಮಾರು ಇಬ್ಬರಿಗೆ, ಮತ್ತು 15ರಿಂದ 49 ವರ್ಷದ ಸ್ತ್ರೀಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಇದಕ್ಕೆ ಕಾರಣಗಳು ಹಲವು. ಪ್ರತಿದಿನದ ಊಟದಲ್ಲಿ ಸೊಪ್ಪು ತರಕಾರಿಗಳು ಸಾಲದಿರುವುದು ಅವುಗಳಲ್ಲೊಂದು. ಒಬ್ಬ ವಯಸ್ಕರು ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿಗಳನ್ನು ಸೇವಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ನೀಡಿದೆ. ಸಂತೆಯಿಂದ ಸಂತೆಗೆ ತರಕಾರಿ ಕೊಳ್ಳುವ ಮನೆಯಲ್ಲಿ ಇದು ಸುಲಭವಲ್ಲ. ಹಿತ್ತಲಿನಲ್ಲಿ ಬೆಳೆದುಕೊಂಡರೆ ಕಷ್ಟವೂ ಅಲ್ಲ.

ಯಾವುದಕ್ಕೆ ಸಸಿಮಡಿ ಬೇಕು?

ಎಲ್ಲ ತರಕಾರಿಗಳಿಗೂ ಸಸಿಮಡಿಯ ಅಗತ್ಯವಿಲ್ಲ. ಬೆಂಡೆ, ಹುರುಳಿಕಾಯಿ, ಮೂಲಂಗಿ, ದಂಟು, ಮೆಂತ್ಯ ಮುಂತಾದವುಗಳ ಬೀಜಗಳನ್ನು ಬೆಳೆಯಬೇಕಾದ ಜಾಗದಲ್ಲಿಯೇ ನೇರವಾಗಿ ಬಿತ್ತಬಹುದು. ಬದನೆ, ಟೊಮೇಟೊ, ಮೆಣಸಿನಕಾಯಿ, ಎಲೆಕೋಸು, ಹೂಕೋಸು ಮತ್ತು ನವಿಲುಕೋಸುಗಳ ಬೀಜ ಬಹಳ ಸಣ್ಣದು. ಮೊಳೆತ ಸಸಿಯೂ ನಾಜೂಕಾದುದು. ಇವುಗಳನ್ನು ಮೊದಲು ಒಂದು ಚಿಕ್ಕ ಮಡಿಯಲ್ಲಿ ಪೋಷಿಸಿ, ಬಲಿತ ಮೇಲೆ ಕಿತ್ತು ನಾಟಿ ಮಾಡುವುದು ಉತ್ತಮ. ಪಟ್ಟಣಗಳ ಮಾರುಕಟ್ಟೆಗಾಗಿ ಲೆಟ್ಯೂಸ್ ಸೊಪ್ಪನ್ನು ಬೆಳೆಯುವವರೂ ಇದೇ ಕ್ರಮವನ್ನು ಅನುಸರಿಸುತ್ತಾರೆ.

ಸ್ಥಳದ ಆಯ್ಕೆ

ಸಸಿಮಡಿಯು ಮನೆಯ ಸಮೀಪದಲ್ಲಿರಬೇಕು. ದಂಪತಿಗಳಲ್ಲಿ ಒಬ್ಬರಲ್ಲ ಒಬ್ಬರು ಅದನ್ನು ದಿನಕ್ಕೆರಡು ಬಾರಿಯಾದರೂ ನೋಡುವಂತಿರಬೇಕು. ದಿನದ ಬಹುಭಾಗ ಬಿಸಿಲು ಬೀಳುವ, ಮಳೆಯ ನೀರು ನಿಲ್ಲದ ಜಾಗವನ್ನು ಆರಿಸಿಕೊಳ್ಳಿ. ಕೋಳಿ, ಕುರಿಗಳು ಬಾರದಂತೆ ಸುತ್ತಲೂ ಮುಳ್ಳಿನ ಬೇಲಿಯನ್ನು ಕಟ್ಟಿರಿ. ಹಿಂದಿನ ವರ್ಷ ಬದನೆ, ಟೊಮೇಟೊ, ಮೆಣಸಿನಕಾಯಿ, ಆಲೂಗೆಡ್ಡೆ ಅಥವಾ ಹೊಗೆಸೊಪ್ಪು ಬೆಳೆದಿದ್ದ ಜಾಗ ಬೇಡ. ಇವೆಲ್ಲವೂ ಒಂದೇ ಕುಟುಂಬಕ್ಕೆ ಸೇರಿದ ಸಸ್ಯಗಳು. ಒಂದರ ಸೊರಗು ರೋಗ ಮಣ್ಣಿನಲ್ಲಿ ಉಳಿದು ಮತ್ತೊಂದಕ್ಕೆ ತಗಲುತ್ತದೆ.

ಮಡಿಯ ತಯಾರಿಕೆ

ಒಂದು ಮೀಟರ್ ಅಗಲ, ಎರಡು ಮೀಟರ್ ಉದ್ದದ ಮಡಿಯು ಒಂದು ಕುಟುಂಬಕ್ಕೆ ಧಾರಾಳವಾಗಿ ಸಾಕು. ಒಂದು ಮೀಟರಿಗಿಂತ ಹೆಚ್ಚು ಅಗಲವಾದರೆ, ಮಡಿಯನ್ನು ತುಳಿಯದೆ ನಡುವಿನ ಕಳೆ ಕೀಳಲಾಗುವುದಿಲ್ಲ. ಮಣ್ಣನ್ನು ಆಳವಾಗಿ ಅಗೆದು, ಹೆಂಟೆಗಳನ್ನು ಒಡೆದು, ಕಲ್ಲು ಮತ್ತು ಬೇರುಗಳನ್ನು ಆರಿಸಿ ತೆಗೆಯಿರಿ. ಪೂರ್ಣವಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಒಂದು ಮಂಕರಿಯಷ್ಟು ಬೆರೆಸಿ. ಹಸಿ ಸಗಣಿಯನ್ನು ಎಂದಿಗೂ ಹಾಕಬಾರದು. ಅದರ ಕಾವಿಗೆ ಎಳೆಯ ಬೇರು ಸುಡುತ್ತದೆ, ಗೊಣ್ಣೆಹುಳುಗಳೂ ಬರುತ್ತವೆ. ಅನಂತರ ಮಡಿಯನ್ನು ನೆಲದಿಂದ ಸುಮಾರು 15 ಸೆಂಟಿಮೀಟರ್, ಅಂದರೆ ಅರ್ಧ ಅಡಿ ಎತ್ತರಕ್ಕೆ ಏರಿಸಿ, ಮೇಲ್ಭಾಗವನ್ನು ಸಮಮಾಡಿ. ಏರುಮಡಿಯಲ್ಲಿ ಹೆಚ್ಚಾದ ನೀರು ತಾನಾಗಿಯೇ ಬಸಿದುಹೋಗುತ್ತದೆ.

ಮುಂಗಾರಿಗೆ ನಾಟಿ ಮಾಡುವವರು ಬೇಸಿಗೆಯ ಬಿಸಿಲನ್ನು ಉಪಯೋಗಿಸಿಕೊಳ್ಳಬಹುದು. ತಯಾರಾದ ಮಡಿಗೆ ನೀರು ಹಾಕಿ ನೆನೆಸಿ, ಪಾರದರ್ಶಕವಾದ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ, ಅಂಚುಗಳನ್ನು ಮಣ್ಣಿನಿಂದ ಮುಚ್ಚಿ ನಾಲ್ಕರಿಂದ ಆರು ವಾರ ಬಿಡಿರಿ. ಒಳಗೆ ಏರುವ ಶಾಖದಿಂದ ಕಳೆಯ ಬೀಜಗಳೂ ರೋಗ ತರುವ ಶಿಲೀಂಧ್ರಗಳೂ ಬಹುಮಟ್ಟಿಗೆ ನಾಶವಾಗುತ್ತವೆ. ಇದಕ್ಕೆ ಯಾವ ಔಷಧದ ಖರ್ಚೂ ಇಲ್ಲ.

ಬೀಜ ಬಿತ್ತುವ ಕ್ರಮ

ನಂಬಿಕೆಯುಳ್ಳ ಕಡೆಯಿಂದ ಬೀಜವನ್ನು ಕೊಳ್ಳಿರಿ. ಸಮೀಪದ ಕೃಷಿ ವಿಜ್ಞಾನ ಕೇಂದ್ರ ಅಥವಾ ತೋಟಗಾರಿಕೆ ಇಲಾಖೆಯ ಕಛೇರಿಯಲ್ಲಿ ವಿಚಾರಿಸಬಹುದು. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಹೊರತಂದ ತಳಿಗಳು "ಅರ್ಕಾ" ಎಂಬ ಹೆಸರಿನಿಂದ ಪ್ರಸಿದ್ಧವಾಗಿವೆ. ನಿಮ್ಮ ಸೀಮೆಯ ನಾಟಿ ತಳಿ ಚೆನ್ನಾಗಿದ್ದರೆ ಅದನ್ನೇ ಉಳಿಸಿಕೊಳ್ಳಿ. ಆರೋಗ್ಯವಾದ ಗಿಡದ ಬಲಿತ ಹಣ್ಣಿನಿಂದ ಮರುವರ್ಷಕ್ಕೆ ಬೀಜ ತೆಗೆಯಬಹುದು. ಹೈಬ್ರಿಡ್ ತಳಿಯಿಂದ ತೆಗೆದ ಬೀಜ ಮಾತ್ರ ಅದೇ ಗುಣವನ್ನು ಕೊಡುವುದಿಲ್ಲ.

ಅಂಗಡಿಯ ಕೆಲವು ಬೀಜಗಳಿಗೆ ಔಷಧ ಲೇಪಿಸಿ ಬಣ್ಣ ಹಚ್ಚಿರುತ್ತಾರೆ. ಅವು ವಿಷ. ಅಂಥ ಪೊಟ್ಟಣವನ್ನು ಅಡುಗೆಮನೆಯಲ್ಲಿಡದೆ, ಮಕ್ಕಳ ಕೈಗೆ ಎಟುಕದಂತೆ ಎತ್ತರದಲ್ಲಿಡಿ. ಬಿತ್ತಿದ ಮೇಲೆ ಕೈಗಳನ್ನು ಸಾಬೂನಿನಿಂದ ತೊಳೆಯಿರಿ. ಉಳಿದ ಬೀಜವನ್ನು ಮನುಷ್ಯರಾಗಲಿ ಕೋಳಿಗಳಾಗಲಿ ತಿನ್ನಬಾರದು.

ಬೀಜವನ್ನು ಹಿಡಿಯಲ್ಲಿ ಹಿಡಿದು ಎರಚುವುದು ಸರಿಯಾದ ಕ್ರಮವಲ್ಲ. ಮಡಿಯ ಅಡ್ಡಕ್ಕೆ ಮೂರು ನಾಲ್ಕು ಬೆರಳುಗಳಷ್ಟು ಅಂತರದಲ್ಲಿ ಗೆರೆಗಳನ್ನು ಎಳೆದು, ಅರ್ಧದಿಂದ ಒಂದು ಸೆಂಟಿಮೀಟರ್ ಆಳದಲ್ಲಿ ತೆಳುವಾಗಿ ಬಿತ್ತಿ, ನಯವಾದ ಗೊಬ್ಬರದ ಪುಡಿಯಿಂದ ಮುಚ್ಚಿರಿ. ಮೇಲೆ ಒಣ ಹುಲ್ಲನ್ನು ತೆಳ್ಳಗೆ ಹರಡಿ, ಸಣ್ಣ ತೂತುಗಳ ಮೂತಿಯುಳ್ಳ ಡಬ್ಬಿಯಿಂದ ನೀರು ಚಿಮುಕಿಸಿ. ಟೊಮೇಟೊ ಸುಮಾರು ಒಂದು ವಾರದಲ್ಲಿ ಮೊಳೆಯುತ್ತದೆ. ಬದನೆ ಮತ್ತು ಮೆಣಸಿನಕಾಯಿಗೆ ಇನ್ನೂ ಕೆಲವು ದಿನಗಳು ಹಿಡಿಯುತ್ತವೆ. ಮೊಳಕೆ ಕಂಡ ಕೂಡಲೇ, ಸಂಜೆಯ ವೇಳೆಯಲ್ಲಿ ಹುಲ್ಲನ್ನು ತೆಗೆದುಬಿಡಬೇಕು. ತಡಮಾಡಿದರೆ ಸಸಿಗಳು ಬೆಳಕು ಸಾಲದೆ ಬಿಳಿಚಿಕೊಂಡು ನೀಳವಾಗಿ ಬೀಳುತ್ತವೆ.

ತಂದ ಬೀಜವನ್ನೆಲ್ಲ ಒಂದೇ ದಿನ ಬಿತ್ತಬೇಡಿ. ಐದಾರು ಜನರ ಕುಟುಂಬಕ್ಕೆ ಒಂದು ಸಲಕ್ಕೆ ಹದಿನೈದು ಟೊಮೇಟೊ, ಹತ್ತು ಬದನೆ, ಹತ್ತು ಮೆಣಸಿನ ಗಿಡಗಳಿದ್ದರೆ ಸಾಕು. ಎರಡು ತಿಂಗಳಿಗೊಮ್ಮೆ ಮಡಿಯ ಒಂದೊಂದು ಭಾಗದಲ್ಲಿ ಬಿತ್ತಿದರೆ, ಹಳೆಯ ಗಿಡಗಳು ಸೋಲುವ ವೇಳೆಗೆ ಹೊಸವು ಫಲಕ್ಕೆ ಬರುತ್ತವೆ. ಒಂದು ತಿಂಗಳು ಅತಿಯಾಗಿ ಬಂದು ಮುಂದಿನ ತಿಂಗಳು ಬರಿದಾಗುವ ತರಕಾರಿಯಿಂದ ಮಕ್ಕಳಿಗೆ ಪ್ರಯೋಜನವಿಲ್ಲ. ಸ್ವಲ್ಪವಾದರೂ ದಿನವೂ ಸಿಗಬೇಕು.

ಸಸಿಗಳ ಶತ್ರುಗಳು

ಚೆನ್ನಾಗಿ ಮೊಳೆತ ಸಸಿಗಳು ರಾತ್ರಿ ಕಳೆಯುವುದರೊಳಗೆ ಬುಡದಲ್ಲಿ ಕೊಳೆತು ಗುಂಪುಗುಂಪಾಗಿ ಮಲಗಿರುವುದನ್ನು ನೀವು ನೋಡಿರಬಹುದು. ಇದು ಯಾರ ದೃಷ್ಟಿದೋಷವೂ ಅಲ್ಲ. ಮಣ್ಣಿನಲ್ಲಿರುವ ಶಿಲೀಂಧ್ರಗಳಿಂದ ಬರುವ ಬುಡಕೊಳೆ ರೋಗವಿದು. ದಟ್ಟವಾಗಿ ಬಿತ್ತುವುದು ಮತ್ತು ಅತಿಯಾಗಿ ನೀರು ಹಾಕುವುದು ಇದಕ್ಕೆ ಮುಖ್ಯವಾದ ಆಹ್ವಾನ. ಆದುದರಿಂದ ನೀರನ್ನು ಬೆಳಿಗ್ಗೆ, ಹದವಾಗಿ ಮಾತ್ರ ಹಾಕಿ. ಸಂಜೆಯ ಹೊತ್ತಿಗೆ ಮಡಿಯ ಮೇಲ್ಮೈ ಆರಿರಬೇಕು. ಒತ್ತಾಗಿರುವ ಕಡೆ ದುರ್ಬಲ ಸಸಿಗಳನ್ನು ಕಿತ್ತು, ಸಸಿಯಿಂದ ಸಸಿಗೆ ಒಂದು ಬೆರಳಿನ ಅಂತರವಿರುವಂತೆ ನೋಡಿಕೊಳ್ಳಿ. ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರವನ್ನು ಗೊಬ್ಬರದಲ್ಲಿ ಬೆರೆಸಿ ಮಡಿಗೆ ಸೇರಿಸಿದರೆ ಈ ರೋಗ ಕಡಿಮೆಯಾಗುತ್ತದೆ. ಇದೂ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ದೊರೆಯುತ್ತದೆ.

ಎರಡನೆಯ ಶತ್ರು ಬಿಳಿ ನೊಣ. ಇದು ಟೊಮೇಟೊ ಸಸಿಯ ರಸ ಹೀರುವಾಗ ಎಲೆ ಮುಟುರು ರೋಗದ ನಂಜನ್ನು ಅಂಟಿಸುತ್ತದೆ. ಎಳೆಯದರಲ್ಲಿ ನಂಜು ತಗಲಿದ ಗಿಡ ಕಾಯಿಗೆ ಬರುವುದು ದುರ್ಲಭ. ರೋಗ ಬಂದ ಮೇಲೆ ಅದಕ್ಕೆ ಔಷಧವೂ ಇಲ್ಲ. ಮಡಿಯ ಮೇಲೆ ಬಿದಿರಿನ ದಬ್ಬೆಗಳನ್ನು ಬಾಗಿಸಿ ನೆಟ್ಟು, ಒತ್ತಾಗಿ ನೇಯ್ದ ನೈಲಾನ್ ಬಲೆಯನ್ನು ಹೊದಿಸುವುದೇ ಉಪಾಯ. ನೀವು ಮಲಗುವ ಸೊಳ್ಳೆ ಪರದೆಯನ್ನು ಇದಕ್ಕೆ ಬಳಸಬೇಡಿ. ಅದರ ಕಣ್ಣುಗಳು ದೊಡ್ಡವಾದ್ದರಿಂದ ಬಿಳಿ ನೊಣ ಒಳಗೆ ನುಗ್ಗುತ್ತದೆ. ಇತ್ತ ಮನೆಯವರು ಮಲೇರಿಯಾ, ಡೆಂಗೆ ಜ್ವರಗಳಿಗೆ ಗುರಿಯಾಗುತ್ತಾರೆ.

ಬೀಡಿ ಸೇದಿದ ಅಥವಾ ಹೊಗೆಸೊಪ್ಪು ಹಾಕಿಕೊಂಡ ಕೈಯಿಂದ ಸಸಿಗಳನ್ನು ಮುಟ್ಟಬಾರದು. ಹೊಗೆಸೊಪ್ಪಿನಲ್ಲಿರಬಹುದಾದ ಒಂದು ಬಗೆಯ ನಂಜು ಕೈಯ ಮೂಲಕವೇ ಟೊಮೇಟೊ ಮತ್ತು ಮೆಣಸಿನ ಸಸಿಗಳಿಗೆ ಅಂಟಿ, ಎಲೆಗಳ ಮೇಲೆ ಹಳದಿ ಮಚ್ಚೆಗಳನ್ನು ತರುತ್ತದೆ. ಸಸಿಗೆ ಹಿತವಲ್ಲದ ಆ ಚಟ ಮನೆಯವರಿಗೂ ಹಿತವಲ್ಲ.

ಹೊಲದ ಬೆಳೆಗೆಂದು ತಂದ ಕೀಟನಾಶಕವನ್ನು ಹಿತ್ತಲಿನ ಸಸಿಗಳಿಗೆ ಸಿಂಪಡಿಸಬೇಡಿ. ಗರ್ಭಿಣಿಯರೂ ಹಾಲೂಡಿಸುವ ತಾಯಂದಿರೂ ಮಕ್ಕಳೂ ಅಂಥ ವಿಷಗಳ ಹತ್ತಿರಕ್ಕೂ ಹೋಗಕೂಡದು.

ಕಿತ್ತು ನೆಡುವ ಕಾಲ

ಟೊಮೇಟೊ ಸಸಿಗಳು 25ರಿಂದ 30 ದಿನಗಳಲ್ಲಿ, ಬದನೆ 30ರಿಂದ 35 ದಿನಗಳಲ್ಲಿ, ಮೆಣಸಿನಕಾಯಿ 35ರಿಂದ 45 ದಿನಗಳಲ್ಲಿ ನಾಟಿಗೆ ಬರುತ್ತವೆ. ನಾಟಿಗೆ ಒಂದು ವಾರ ಮುಂಚಿನಿಂದ ನೀರನ್ನು ಕ್ರಮವಾಗಿ ಕಡಿಮೆ ಮಾಡುತ್ತ ಬನ್ನಿ. ಇದರಿಂದ ಕಾಂಡ ಗಟ್ಟಿಯಾಗಿ, ಹೊಸ ಜಾಗದ ಬಿಸಿಲನ್ನು ತಡೆದುಕೊಳ್ಳುವ ಶಕ್ತಿ ಬರುತ್ತದೆ. ಕೀಳುವ ದಿನ ಮಾತ್ರ ಮಡಿಯನ್ನು ಚೆನ್ನಾಗಿ ನೆನೆಸಿ, ಬೇರು ಹರಿಯದಂತೆ ಮಣ್ಣಿನೊಡನೆ ಎಬ್ಬಿಸಿ. ಗೇಣುದ್ದವಿದ್ದು ಗಟ್ಟಿ ಕಾಂಡವುಳ್ಳ ಸಸಿಗಳನ್ನು ಆರಿಸಿ. ಸಂಜೆ ಹೊತ್ತು ಅಥವಾ ಮೋಡ ಮುಸುಕಿದ ದಿನ ನೆಟ್ಟು, ಒಡನೆಯೇ ನೀರು ಹಾಕಿ. ಟೊಮೇಟೊ ಮತ್ತು ಮೆಣಸಿನ ಸಾಲುಗಳ ನಡುವೆ ಎರಡು ಅಡಿ, ಸಾಲಿನಲ್ಲಿ ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಅಂತರವಿರಲಿ. ಬದನೆಗೆ ಎರಡೂ ಕಡೆ ಎರಡು ಅಡಿ ಇರಲಿ.

ಕೆಲಸ ಮಾಡುವವರ ಆರೋಗ್ಯ

ಅಗೆಯುವುದು ಗಂಡಸರ ಕೆಲಸ, ನೀರು ಹೊರುವುದು ಹೆಂಗಸರ ಕೆಲಸ ಎಂಬ ಭಾವನೆ ಬೇಡ. ಪತ್ನಿಯು ಗರ್ಭಿಣಿಯಾಗಿದ್ದರೆ ತುಂಬಿದ ಕೊಡವನ್ನು ಹೊರುವ ಕೆಲಸವನ್ನು ಪತಿಯೇ ವಹಿಸಿಕೊಳ್ಳತಕ್ಕದ್ದು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಸಸಿಮಡಿಗೆ ಯೋಗ್ಯವಾದುದು. ಸಾಬೂನಿನ ನೀರನ್ನು ಹಾಕಬೇಡಿ. ನೀರು ತುಂಬಿಟ್ಟ ಪಾತ್ರೆಗಳನ್ನು ಮುಚ್ಚಿಡಿ, ಇಲ್ಲವಾದರೆ ಸೊಳ್ಳೆಗಳು ಹುಟ್ಟುತ್ತವೆ.

ಬರಿಗಾಲಿನಲ್ಲಿ ಹಿತ್ತಲಿಗೆ ಇಳಿಯಬೇಡಿ. ಬಯಲಿನಲ್ಲಿ ಮಲವಿಸರ್ಜನೆ ಮಾಡಿದ ಕಡೆ ಕೊಕ್ಕೆಹುಳುವಿನ ಮರಿಗಳು ಒದ್ದೆ ಮಣ್ಣಿನಲ್ಲಿ ಸೇರಿಕೊಂಡು, ಅಂಗಾಲಿನ ಚರ್ಮವನ್ನು ಕೊರೆದು ದೇಹವನ್ನು ಹೊಗುತ್ತವೆ. ಕರುಳಿನಲ್ಲಿ ನೆಲೆಸಿ ರಕ್ತ ಹೀರುತ್ತವೆ. ರಕ್ತ ಹೆಚ್ಚಲೆಂದು ತರಕಾರಿ ಬೆಳೆಯುವ ಜಾಗದಲ್ಲಿಯೇ ರಕ್ತ ಕಳೆದುಕೊಳ್ಳುವಂತಾಗಬಾರದು. ಪಾದರಕ್ಷೆಯನ್ನು ಧರಿಸಿರಿ, ಶೌಚಾಲಯವನ್ನೇ ಬಳಸಿರಿ. 1ರಿಂದ 19 ವರ್ಷದವರಿಗೆ ಅಂಗನವಾಡಿ ಮತ್ತು ಶಾಲೆಗಳಲ್ಲಿ ಕೊಡುವ ಜಂತುಹುಳುವಿನ ಮಾತ್ರೆಯನ್ನು ತಪ್ಪದೆ ಕೊಡಿಸಿರಿ. ಗುದ್ದಲಿಯಿಂದಲೋ ಮುಳ್ಳಿನಿಂದಲೋ ಗಾಯವಾದರೆ, ಸಾಬೂನು ಮತ್ತು ಶುದ್ಧ ನೀರಿನಿಂದ ತೊಳೆದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಮಣ್ಣು ಮತ್ತು ಗೊಬ್ಬರಗಳಲ್ಲಿ ಧನುರ್ವಾಯುವಿನ ರೋಗಾಣುಗಳಿರುತ್ತವೆ. ಗಾಯಕ್ಕೆ ಸಗಣಿ, ಬೂದಿ ಹಚ್ಚಬಾರದು.

ಹಿತ್ತಲಿನಿಂದ ತಟ್ಟೆಗೆ

ರಾಗಿ, ಬೇಳೆ ಮತ್ತು ಸೊಪ್ಪುಗಳಲ್ಲಿ ಕಬ್ಬಿಣಾಂಶವಿದೆ. ಆದರೆ ಅದು ದೇಹಕ್ಕೆ ಸುಲಭವಾಗಿ ಹತ್ತುವುದಿಲ್ಲ. ಟೊಮೇಟೊ, ಹಸಿಮೆಣಸಿನಕಾಯಿ, ನಿಂಬೆ ಮುಂತಾದವುಗಳಲ್ಲಿರುವ 'ಸಿ' ಜೀವಸತ್ವವು ಅದೇ ಊಟದಲ್ಲಿ ಸೇರಿದಾಗ ಕಬ್ಬಿಣಾಂಶವು ಹೆಚ್ಚು ರಕ್ತಗತವಾಗುತ್ತದೆ. ಮುದ್ದೆ ಸೊಪ್ಪಿನ ಸಾರಿನ ಜೊತೆಗೆ ಹಸಿ ಟೊಮೇಟೊ ಬೆರೆಸಿದ ಕೋಸಂಬರಿಯನ್ನು ಬಡಿಸುವುದರಲ್ಲಿ ಇಷ್ಟೊಂದು ಹಿತವಿದೆ. ಊಟದ ಜೊತೆಯಲ್ಲಿಯೇ ಕಾಫಿ, ಚಹಾ ಕುಡಿದರೆ ಈ ಲಾಭ ತಪ್ಪುತ್ತದೆ. ಆರು ತಿಂಗಳು ತುಂಬಿದ ಮಗುವಿಗೆ ತಾಯಿಯ ಹಾಲಿನೊಂದಿಗೆ ಬೇಯಿಸಿ ಮಸೆದ ತರಕಾರಿಯನ್ನೂ ತಿನ್ನಿಸಿರಿ. ಎಲ್ಲರಿಗೂ ಬಡಿಸಿ ಉಳಿದುದನ್ನು ಉಣ್ಣುವ ಪದ್ಧತಿಯನ್ನು ಬಿಟ್ಟು, ಗೃಹಿಣಿಯೂ ತನ್ನ ಪಾಲನ್ನು ಮೊದಲೇ ತೆಗೆದಿಡಬೇಕು.

ಒಂದು ಮಾತನ್ನು ಮರೆಯಬಾರದು. ತರಕಾರಿಯು ಔಷಧಕ್ಕೆ ಬದಲಾಗದು. ಗರ್ಭಿಣಿಯು ನಾಲ್ಕನೆಯ ತಿಂಗಳಿನಿಂದ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ ಕಬ್ಬಿಣಾಂಶದ ಮಾತ್ರೆಗಳನ್ನು ಸೇವಿಸಲೇಬೇಕು. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಅವು ಉಚಿತವಾಗಿ ದೊರೆಯುತ್ತವೆ.

ಆದುದರಿಂದ ಈ ವಾರವೇ ದಂಪತಿಗಳಿಬ್ಬರೂ ಹಿತ್ತಲಿಗೆ ಹೋಗಿ ಎರಡು ಮೀಟರ್ ಜಾಗವನ್ನು ಗುರುತಿಸಿರಿ. ಮಡಿ ಅಗೆಯುವುದು ಅರ್ಧ ದಿನದ ಕೆಲಸ. ಇಂದು ಬಿತ್ತಿದ ಟೊಮೇಟೊ ಮೂರು ತಿಂಗಳಲ್ಲಿ ನಿಮ್ಮ ಮಕ್ಕಳ ತಟ್ಟೆಯಲ್ಲಿರುತ್ತದೆ.